ನೋವು ಹೋಗಿದೆ, ಮೂಳೆ ಇನ್ನೂ ಕೂಡಿಲ್ಲ

ಅನಿಲ್ ಕುಂಬ್ಳೆ ಅಂದರೆ ನಮ್ಮಲ್ಲಿ ತುಂಬಾ ಜನರ ಕಣ್ಣಿಗೆ ಮೊದಲು ಬರುವುದು ಒಂದು ಬ್ಯಾಂಡೇಜ್. 2002ರ ಮೇ ತಿಂಗಳು, ಆಂಟಿಗುವಾ ಟೆಸ್ಟ್. ಬ್ಯಾಟಿಂಗ್ ಮಾಡುವಾಗ ಮರ್ವಿನ್ ಡಿಲನ್ ಎಸೆದ ಚೆಂಡು ಬಡಿದು ದವಡೆ ಮುರಿದಿತ್ತು. ಗಲ್ಲದಿಂದ ನೆತ್ತಿಯವರೆಗೆ ಬಿಳಿ ಪಟ್ಟಿ ಸುತ್ತಿಸಿಕೊಂಡು ಬಂದು 14 ಓವರ್ ಹಾಕಿದರು. ಬ್ರಯಾನ್ ಲಾರಾ ಅವರನ್ನು ಎಲ್‌ಬಿಡಬ್ಲ್ಯೂ ಮಾಡಿದರು. ಆಮೇಲೆ ಬೆಂಗಳೂರಿಗೆ ವಿಮಾನ ಹತ್ತಿದರು.

ಆ ಫೋಟೋ ನೋಡಿದರೆ ನನಗೆ ಈಗಲೂ ಮೈ ಜುಮ್ ಅನ್ನುತ್ತದೆ. ಆದರೆ ಗಾಯದಿಂದ ಮರಳುವುದು ಅಂದರೇನು ಅಂತ ಯಾರಾದರೂ ಕೇಳಿದರೆ ನಾನು ಆ ಫೋಟೋ ತೋರಿಸುವುದಿಲ್ಲ. ಅದಕ್ಕೂ ಹಿಂದಿನ ವರ್ಷದ ಕಥೆ ಹೇಳುತ್ತೇನೆ. ಬೌಲಿಂಗ್ ಮಾಡುವ ಬಲ ಭುಜವೇ ಕೆಟ್ಟು, ಕುಂಬ್ಳೆ ಆಪರೇಷನ್ ಮಾಡಿಸಿಕೊಂಡಿದ್ದರು. ತಿಂಗಳುಗಟ್ಟಲೆ ಆಟವಿಲ್ಲ. ಲಕ್ಷ್ಮಣ್ 281 ಹೊಡೆದ ಆ ಕೋಲ್ಕತ್ತಾ ಟೆಸ್ಟ್ ನಡೆದಾಗ ಕುಂಬ್ಳೆ ತಂಡದಲ್ಲೇ ಇರಲಿಲ್ಲ. ಹರ್ಭಜನ್ ಅದೇ ಸರಣಿಯಲ್ಲಿ 32 ವಿಕೆಟ್ ತೆಗೆದರು. ಮೂವತ್ತು ದಾಟಿದ ಲೆಗ್ ಸ್ಪಿನ್ನರ್, ಭುಜಕ್ಕೆ ಆಪರೇಷನ್, ಜಾಗಕ್ಕೆ ಇನ್ನೊಬ್ಬ ಬಂದಾಯಿತು. ಮುಗಿಯಿತು ಅಂದುಕೊಂಡವರು ಕಮ್ಮಿ ಇರಲಿಲ್ಲ. ಆಮೇಲೆ ಏನಾಯಿತು ಅಂದರೆ, ಕುಂಬ್ಳೆಯವರ 619 ಟೆಸ್ಟ್ ವಿಕೆಟ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬಂದದ್ದು ಆ ಆಪರೇಷನ್ ಆದ ಮೇಲೆ. 2003-04ರ ಆಸ್ಟ್ರೇಲಿಯಾ ಪ್ರವಾಸದಲ್ಲಿ ಮೂರೇ ಟೆಸ್ಟ್‌ಗಳಲ್ಲಿ 24 ವಿಕೆಟ್.

ದವಡೆಯ ದಿನ ಟಿವಿಯಲ್ಲಿ ಬಂತು. ಭುಜದ ತಿಂಗಳುಗಳು ಎಲ್ಲೂ ಬರಲಿಲ್ಲ. ಈ ಲೇಖನ ಆ ಕಾಣದ ತಿಂಗಳುಗಳ ಬಗ್ಗೆ. ದೊಡ್ಡ ಗಾಯವಾದ ಆಟಗಾರ ಮರಳಿ ಬಂದಾಗ ನಾವು ಸುಲಭವಾಗಿ ಛಲ, ಹಠ, ಮನೋಬಲ ಅಂತೆಲ್ಲ ಹೇಳಿಬಿಡುತ್ತೇವೆ. ಇವೆಲ್ಲ ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ಮೂಳೆಗೆ ಹಠ ಅರ್ಥವಾಗುವುದಿಲ್ಲ. ಅದಕ್ಕೆ ಅದರದ್ದೇ ಒಂದು ಗಡಿಯಾರ ಇದೆ. ಎಷ್ಟೋ ಸಲ ಆಟಗಾರನನ್ನು ಎರಡನೇ ಸಲ ಆಸ್ಪತ್ರೆಗೆ ಕಳಿಸಿದ್ದು ಅದೇ ಹಠ.

ಮೊದಲು ಒಂದು ಸರಳ ಲೆಕ್ಕ ತಿಳಿದುಕೊಳ್ಳೋಣ. ದೇಹದಲ್ಲಿ ಎಲ್ಲಿ ರಕ್ತ ಚೆನ್ನಾಗಿ ಹರಿಯುತ್ತದೋ ಅಲ್ಲಿ ಗಾಯ ಬೇಗ ವಾಸಿಯಾಗುತ್ತದೆ. ರಿಪೇರಿ ಸಾಮಾನು ಹೊತ್ತು ತರುವ ಗಾಡಿ ರಕ್ತವೇ. ಮಾಂಸಖಂಡಕ್ಕೆ ರಕ್ತ ಧಾರಾಳ. ಹಾಗಾಗಿ ಅದು ಸ್ವಲ್ಪ ಹರಿದರೆ ವಾರಗಳಲ್ಲಿ ಸರಿಹೋಗುತ್ತದೆ. ಮೂಳೆಗೂ ರಕ್ತ ಉಂಟು. ಜೊತೆಗೆ ಅದಕ್ಕೊಂದು ವಿಶೇಷ ಗುಣ ಇದೆ. ಚರ್ಮ ಹರಿದರೆ ಕಲೆ ಉಳಿಯುತ್ತದೆ, ಮೂಳೆ ಮುರಿದರೆ ಮೂಳೆಯಿಂದಲೇ ಕೂಡಿಕೊಳ್ಳುತ್ತದೆ. ಮಾಂಸಖಂಡವನ್ನು ಮೂಳೆಗೆ ಕಟ್ಟುವ ಹಗ್ಗ ಟೆಂಡನ್. ಮೂಳೆಯನ್ನು ಮೂಳೆಗೆ ಕಟ್ಟುವ ಪಟ್ಟಿ ಲಿಗಮೆಂಟ್. ಈ ಎರಡಕ್ಕೂ ರಕ್ತ ಕಮ್ಮಿ, ಅದಕ್ಕೇ ತಿಂಗಳುಗಟ್ಟಲೆ ಬೇಕು. ಕೀಲಿನೊಳಗೆ ಮೂಳೆ ತುದಿಗೆ ನುಣ್ಣಗೆ ಹೊದಿಸಿರುವ ಕಾರ್ಟಿಲೇಜ್‌ಗೆ ರಕ್ತನಾಳವೇ ಇಲ್ಲ. ಅದು ಸವೆದರೆ ಸವೆದ ಹಾಗೆಯೇ.

ಪೇಪರಿನಲ್ಲಿ ಯಾರಿಗೋ ಗಾಯ ಅಂತ ಓದಿದಾಗ ನಾನು ಮೊದಲು ನೋಡುವುದು ಇದನ್ನೇ. ಎಷ್ಟು ಜೋರಾಗಿ ಬಿದ್ದ ಅನ್ನುವುದಕ್ಕಿಂತ ಏನು ಹರಿಯಿತು ಅನ್ನುವುದು ಮುಖ್ಯ. ನಮ್ಮ ಕೆ.ಎಲ್. ರಾಹುಲ್ ಅವರನ್ನೇ ನೋಡಿ. 2023ರ ಮೇ 1ರಂದು ಲಖನೌದಲ್ಲಿ ಆರ್‌ಸಿಬಿ ವಿರುದ್ಧ ಚೆಂಡು ಬೆನ್ನಟ್ಟಿ ಓಡುವಾಗ ತೊಡೆ ಕೈಕೊಟ್ಟಿತು. ಆಪರೇಷನ್ ಆಯಿತು. ಸೆಪ್ಟೆಂಬರ್‌ನಲ್ಲಿ ಕೊಲಂಬೊದಲ್ಲಿ ಪಾಕಿಸ್ತಾನದ ವಿರುದ್ಧ ಔಟಾಗದೆ 111 ಹೊಡೆದು, ಕೀಪಿಂಗ್ ಕೂಡ ಮಾಡಿದರು. ನಾಲ್ಕು ತಿಂಗಳ ಚಿಲ್ಲರೆ. ತೊಡೆಯ ಗಾಯಕ್ಕೆ ಇದು ನಂಬಬಹುದಾದ ಲೆಕ್ಕ. ಅದೇ ಬೆನ್ನುಮೂಳೆಯಾಗಿದ್ದರೆ ಕಥೆ ಬೇರೆ.

ಬೆನ್ನಿನ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಬಲಗೈ ವೇಗದ ಬೌಲರ್ ಚೆಂಡು ಬಿಡುವ ಗಳಿಗೆಯನ್ನು ಸ್ಲೋ ಮೋಷನ್‌ನಲ್ಲಿ ನೋಡಿ. ಓಡಿ ಬಂದು, ನೆಗೆದು, ಎಡಗಾಲನ್ನು ಕ್ರೀಸ್ ಮೇಲೆ ಊರುತ್ತಾನೆ. ಆ ಕ್ಷಣ ಆ ಕಾಲಿನ ಮೇಲೆ ಬೀಳುವ ಭಾರ ಅವನ ಮೈತೂಕದ 5 ಪಟ್ಟು, ಕೆಲವರಲ್ಲಿ ಇನ್ನೂ ಜಾಸ್ತಿ. 80 ಕಿಲೋ ಆಳಿಗೆ 400 ಕಿಲೋ. ಅದೇ ಕ್ಷಣದಲ್ಲಿ ಅವನ ಮುಂಡ ಎಡಕ್ಕೆ ವಾಲಿರುತ್ತದೆ, ಹಿಂದಕ್ಕೆ ಬಿಲ್ಲಿನಂತೆ ಬಾಗಿರುತ್ತದೆ, ಸಾಲದ್ದಕ್ಕೆ ತಿರುಗುತ್ತಲೂ ಇರುತ್ತದೆ. ವಾಲು, ಬಾಗು, ತಿರುಚು ಈ ಮೂರೂ ಒಟ್ಟಿಗೆ ಹೋಗಿ ಸೇರುವುದು ಬೆನ್ನಿನ ತಳದ ಒಂದೆರಡು ಮೂಳೆಗಳಲ್ಲಿ. ಆ ಮೂಳೆಗಳ ಹಿಂಭಾಗದಲ್ಲಿ ಎರಡೂ ಬದಿಗೆ ಒಂದೊಂದು ಸಣ್ಣ ಸೇತುವೆಯಂಥ ಭಾಗ ಇದೆ. ಕಿರುಬೆರಳಿಗಿಂತ ತೆಳ್ಳಗೆ. ಬಿರುಕು ಬಿಡುವುದು ಅಲ್ಲಿ. ಬಲಗೈ ಬೌಲರ್‌ಗೆ ಸಾಮಾನ್ಯವಾಗಿ ಎಡಬದಿಯಲ್ಲಿ.

ಒಂದು ಎಸೆತಕ್ಕೆ ಏನೂ ಆಗುವುದಿಲ್ಲ. ನೂರಕ್ಕೂ ಆಗುವುದಿಲ್ಲ. ಮೂಳೆ ಸತ್ತ ವಸ್ತುವಲ್ಲ, ದಿನಾ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತಿರುತ್ತದೆ. ಅದರಲ್ಲಿ ಎರಡು ಗ್ಯಾಂಗ್ ಕೆಲಸ ಮಾಡುತ್ತವೆ. ದಣಿದ ಹಳೇ ಮೂಳೆಯನ್ನು ಅಗೆದು ತೆಗೆಯುವ ಜೀವಕೋಶಗಳು ಒಂದು ಗ್ಯಾಂಗ್. ಅಗೆದ ಜಾಗಕ್ಕೆ ಹೊಸ ಮೂಳೆ ತುಂಬುವವು ಇನ್ನೊಂದು. ಬೆಂಗಳೂರಿನಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಗೆಯುವ ಗ್ಯಾಂಗ್ ಬೇಗ ಬಂದು ಬೇಗ ಮುಗಿಸಿ ಹೋಗುತ್ತದೆ, ಕೆಲವೇ ವಾರ. ಮುಚ್ಚುವ ಗ್ಯಾಂಗ್‌ಗೆ ತಿಂಗಳುಗಳು ಬೇಕು. ನಡುವಿನ ಹೊತ್ತಿನಲ್ಲಿ ರಸ್ತೆ ಅಗೆದ ಹಾಗೇ ಬಿದ್ದಿರುತ್ತದೆ. ಆಗಲೇ ಬೌಲರ್‌ಗೆ ಮೇಲಿಂದ ಮೇಲೆ ಮ್ಯಾಚ್ ಬಂದರೆ, ಅಗೆದ ರಸ್ತೆ ಮೇಲೆ ಲಾರಿ ಓಡಿಸಿದ ಹಾಗೆ. ಗುಂಡಿ ಬೀಳದೆ ಇನ್ನೇನು? ಇದಕ್ಕೇ ಸ್ಟ್ರೆಸ್ ಫ್ರ್ಯಾಕ್ಚರ್ ಅನ್ನುವುದು. ಬಿದ್ದು ಮುರಿದದ್ದಲ್ಲ, ದುಡಿದು ಮುರಿದದ್ದು.

ಶುರುವಿನಲ್ಲಿ ಇದು ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ. ಸುಮ್ನೆ ಸೊಂಟ ಹಿಡಿದ ಹಾಗೆ ಇರುತ್ತದೆ, ಅಷ್ಟೇ. ಎಂಆರ್‌ಐ ಮಾಡಿದರೆ ಬಿರುಕು ಬಿಡುವ ಮುಂಚೆಯೇ ಮೂಳೆಯೊಳಗಿನ ಊತ ಕಾಣುತ್ತದೆ. ಆಸ್ಟ್ರೇಲಿಯಾದ ವೇಗದ ಬೌಲರ್ ಡೆನ್ನಿಸ್ ಲಿಲ್ಲಿ ಕಾಲಕ್ಕೆ ಅದೂ ಇರಲಿಲ್ಲ. 1973ರ ವೆಸ್ಟ್ ಇಂಡೀಸ್ ಪ್ರವಾಸದಲ್ಲಿ ಅವರ ಬೆನ್ನುಮೂಳೆ ಬಿರುಕು ಬಿಟ್ಟಿತು. ಆಗ ವೇಗದ ಬೌಲರ್‌ಗೆ ಬೆನ್ನು ಹೋಯಿತು ಅಂದರೆ ಕಥೆ ಮುಗಿದ ಹಾಗೆಯೇ. ಲಿಲ್ಲಿ ವಾರಗಟ್ಟಲೆ ಮುಂಡಕ್ಕೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತರು. ಆಮೇಲೆ ಪರ್ತ್‌ನಲ್ಲಿ ವಿಶ್ವವಿದ್ಯಾಲಯದ ದೈಹಿಕ ಶಿಕ್ಷಣದ ಪರಿಣತರ ಕೈಗೆ ಮೈ ಒಪ್ಪಿಸಿದರು. ಹೊಟ್ಟೆ, ಬೆನ್ನು, ತೊಡೆ ಒಂದೊಂದನ್ನೂ ಲೆಕ್ಕ ಹಾಕಿ ಕಟ್ಟಿದರು. 1974-75ರಲ್ಲಿ ಇಂಗ್ಲೆಂಡ್ ವಿರುದ್ಧದ ಆಶಸ್ ಸರಣಿಗೆ ಜೆಫ್ ಥಾಮ್ಸನ್ ಜೊತೆ ಬಂದು 25 ವಿಕೆಟ್ ತೆಗೆದರು. ಆದರೆ ಬಂದದ್ದು ಹಳೇ ಲಿಲ್ಲಿ ಅಲ್ಲ. ಬರೀ ವೇಗ ನೆಚ್ಚಿಕೊಂಡಿದ್ದವರು ಕೈಚಳಕ ಕಲಿತು ಬಂದಿದ್ದರು. ಪಿಚ್ ಬಡಿದು ಬಲಗೈ ಬ್ಯಾಟ್ಸ್‌ಮನ್‌ನಿಂದ ಆಚೆಗೆ ಹೋಗುವ ಲೆಗ್ ಕಟರ್ ಅವರ ದೊಡ್ಡ ಆಯುಧವಾಯಿತು. ನಿವೃತ್ತರಾದಾಗ 355 ವಿಕೆಟ್, ಆಗಿನ ವಿಶ್ವದಾಖಲೆ. 1987ರಿಂದ ಅವರು ಚೆನ್ನೈಯ ಎಂಆರ್‌ಎಫ್ ಪೇಸ್ ಫೌಂಡೇಶನ್‌ಗೆ ಬಂದು ಭಾರತದ ಹುಡುಗರಿಗೆ ಹೇಳಿಕೊಟ್ಟರಲ್ಲ, ನಮ್ಮ ಜಾವಗಲ್ ಶ್ರೀನಾಥ್, ವೆಂಕಟೇಶ್ ಪ್ರಸಾದ್ ಕೂಡ ಅಲ್ಲಿ ಪಳಗಿದವರೇ. ಬೆನ್ನು ಮುರಿದು ಕಲಿತ ಪಾಠವೂ ಆ ವಿದ್ಯೆಯೊಳಗೆ ಸೇರಿತ್ತು.

ಆಸ್ಟ್ರೇಲಿಯಾದವರೇ ಆದ ಪ್ಯಾಟ್ ಕಮಿನ್ಸ್ ಕಥೆ ಇನ್ನೂ ಉದ್ದ. 2011ರ ನವೆಂಬರ್, ಜೋಹಾನ್ಸ್‌ಬರ್ಗ್. 18 ವರ್ಷದ ಹುಡುಗ, ಮೊದಲ ಟೆಸ್ಟ್. ಎರಡನೇ ಇನಿಂಗ್ಸ್‌ನಲ್ಲಿ 79 ರನ್‌ಗೆ 6 ವಿಕೆಟ್, ಗೆಲುವಿನ ರನ್ನೂ ಅವನದ್ದೇ. ಮುಂದಿನ ಟೆಸ್ಟ್ ಆಡಿದ್ದು ಯಾವಾಗ ಗೊತ್ತಾ? 2017ರ ಮಾರ್ಚ್‌ನಲ್ಲಿ, ರಾಂಚಿಯಲ್ಲಿ, ನಮ್ಮ ವಿರುದ್ಧ. ನಡುವೆ 1,946 ದಿನ. ಒಂದರ ಹಿಂದೆ ಒಂದು ಗಾಯ, ಬೆನ್ನಿನ ಸ್ಟ್ರೆಸ್ ಫ್ರ್ಯಾಕ್ಚರ್ ಮತ್ತೆ ಮತ್ತೆ. ಇದಕ್ಕೆ ಕಾರಣ ಹುಡುಗನ ದುರದೃಷ್ಟ ಮಾತ್ರ ಅಲ್ಲ. ಬೆನ್ನಿನ ತಳದ ಮೂಳೆ ಪೂರ್ತಿ ಗಟ್ಟಿಯಾಗುವುದು ಇಪ್ಪತ್ತರ ನಡುಭಾಗಕ್ಕೆ. 18ರಲ್ಲಿ ಮೈ ಎತ್ತರಕ್ಕೆ ಬೆಳೆದಿರುತ್ತದೆ, ತೋಳಿಗೆ ಗಂಟೆಗೆ 145 ಕಿಲೋಮೀಟರ್ ವೇಗ ಬಂದಿರುತ್ತದೆ, ಬೆನ್ನಿನ ಸೇತುವೆ ಇನ್ನೂ ಹಸಿ. ಆಸ್ಟ್ರೇಲಿಯಾದವರು ಆ ವರ್ಷಗಳಲ್ಲಿ ಕಮಿನ್ಸ್‌ರನ್ನು ಆಡಿಸಿದ್ದಕ್ಕಿಂತ ಕೂರಿಸಿದ್ದೇ ಜಾಸ್ತಿ. ಆಗ ಅಲ್ಲಿನವರೇ ಬೈದರು. 2023ರ ನವೆಂಬರ್ 19ಕ್ಕೆ ಅಹಮದಾಬಾದ್‌ನಲ್ಲಿ ನಮ್ಮನ್ನು ಸೋಲಿಸಿ ವಿಶ್ವಕಪ್ ಎತ್ತಿದ್ದು ಅದೇ ಕಮಿನ್ಸ್. ನೆನಪು ಮಾಡಿದ್ದಕ್ಕೆ ಕ್ಷಮೆ ಇರಲಿ.

ಈಗ ನಮ್ಮ ವೇಗದ ಬೌಲರ್ ಜಸ್ಪ್ರೀತ್ ಬುಮ್ರಾ. 2019ರಲ್ಲೇ ಒಮ್ಮೆ ಬೆನ್ನಿನಲ್ಲಿ ಸಣ್ಣ ಬಿರುಕು ಬಂದು ಕೆಲವು ತಿಂಗಳು ಹೊರಗಿದ್ದರು. 2022ರಲ್ಲಿ ಮತ್ತೆ ಬೆನ್ನು. ವಿಶ್ರಾಂತಿ ತಗೊಂಡು ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಎರಡು ಟಿ20 ಆಡಿದರು. ಅಷ್ಟರಲ್ಲೇ ಬೆನ್ನು ಮತ್ತೆ ಹೋಯಿತು, ಟಿ20 ವಿಶ್ವಕಪ್ ತಪ್ಪಿತು. 2023ರ ಜನವರಿಯಲ್ಲಿ ಶ್ರೀಲಂಕಾ ಸರಣಿಗೆ ಹೆಸರು ಸೇರಿಸಿದರು, ಸರಣಿ ಶುರುವಾಗುವ ಮುಂಚೆಯೇ ತೆಗೆದರು.

ಹೀಗೇಕೆ ಆಗುತ್ತದೆ? ನನ್ನ ಮಟ್ಟಿಗೆ ಇಡೀ ವಿಷಯದ ಗಂಟು ಇಲ್ಲೇ ಇದೆ. ನೋವು ಒಂದು ಗಡಿಯಾರದಲ್ಲಿ ನಡೆಯುತ್ತದೆ, ಮೂಳೆ ಇನ್ನೊಂದರಲ್ಲಿ. ಬೌಲಿಂಗ್ ನಿಲ್ಲಿಸಿದ ಕೆಲವೇ ವಾರಕ್ಕೆ ನೋವು ಹೋಗುತ್ತದೆ. ಆಟಗಾರ ಬಗ್ಗುತ್ತಾನೆ, ಓಡುತ್ತಾನೆ, ಜಿಮ್‌ನಲ್ಲಿ ಭಾರ ಎತ್ತುತ್ತಾನೆ, ಏನೂ ಇಲ್ಲ. "ನಾನು ಆರಾಮಿದ್ದೀನಿ" ಅನ್ನುತ್ತಾನೆ. ಸುಳ್ಳೇನಲ್ಲ, ಅವನು ನಿಜವಾಗಿ ಆರಾಮಿದ್ದಾನೆ. ಆದರೆ ಒಳಗೆ ಮುಚ್ಚುವ ಗ್ಯಾಂಗ್ ಕೆಲಸ ಇನ್ನೂ ಅರ್ಧದಲ್ಲಿದೆ. ನಮಗೂ ಹಾಗೇ ತಾನೆ? ಆಂಟಿಬಯಾಟಿಕ್ ಕೋರ್ಸ್ ಐದು ದಿನ ಅಂದರೆ ಮೂರನೇ ದಿನ ಜ್ವರ ಇಳಿದ ಕೂಡಲೇ ಮಾತ್ರೆ ಬಿಡುತ್ತೇವೆ.

2023ರ ಮಾರ್ಚ್‌ನಲ್ಲಿ ಬುಮ್ರಾಗೆ ನ್ಯೂಜಿಲೆಂಡ್‌ನಲ್ಲಿ ಬೆನ್ನಿನ ಆಪರೇಷನ್ ಆಯಿತು. ತಾನಾಗಿ ಕೂಡದ ಬಿರುಕಿಗೆ ಮಾಡುವ ಇಂಥ ಆಪರೇಷನ್‌ಗಳಲ್ಲಿ ಸಾಮಾನ್ಯವಾಗಿ ಬಿರುಕಿನ ಎರಡೂ ತುದಿಯನ್ನು ಸ್ಕ್ರೂ ಅಥವಾ ಗಟ್ಟಿ ತಂತಿಯಿಂದ ಬಿಗಿದು ಒಂದಕ್ಕೊಂದು ಒತ್ತಿಡುತ್ತಾರೆ. ಬೇಕಾದರೆ ಬೇರೆ ಕಡೆಯ ಮೂಳೆಯನ್ನು ತಂದು ತುಂಬುತ್ತಾರೆ. ಕೂಡುವ ಕೆಲಸ ಮಾತ್ರ ಮೂಳೆಯೇ ಮಾಡಬೇಕು. ಸ್ಕ್ರೂ ಬರೀ ಹಿಡಿದುಕೊಂಡಿರುತ್ತದೆ. ಆಪರೇಷನ್ ಆಯಿತು ಅಂದ ಕೂಡಲೇ ಸರಿಹೋಯಿತು ಅಂತ ತಿಳಿಯುವುದು ದೊಡ್ಡ ತಪ್ಪು.

ಅಲ್ಲಿಂದ ಮುಂದಿನ ದಾರಿ ಬೆಂಗಳೂರಿನ ಮೂಲಕ ಹೋಗುತ್ತದೆ. ನಮ್ಮ ಊರಿನವರು ಇದನ್ನು ಅಷ್ಟಾಗಿ ಗಮನಿಸುವುದಿಲ್ಲ. ಭಾರತ ತಂಡದ ಯಾವ ಆಟಗಾರನಿಗೆ ಗಾಯವಾದರೂ ಅವನು ಬಂದು ಇಳಿಯುವುದು ಇಲ್ಲಿ. ಮೊದಲು ಚಿನ್ನಸ್ವಾಮಿ ಸ್ಟೇಡಿಯಂ ಆವರಣದ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ, 2024ರಿಂದ ವಿಮಾನ ನಿಲ್ದಾಣದ ಕಡೆ ಕಟ್ಟಿರುವ ಹೊಸ ಸೆಂಟರ್. ವೇಗದ ಬೌಲರ್‌ಗೆ ಇಂಥ ಕಡೆ ಮೊದಲ ದಿನವೇ ಚೆಂಡು ಕೊಡುವುದಿಲ್ಲ. ಮೊದಲು ನಡಿಗೆ, ಆಮೇಲೆ ಓಟ. ಚೆಂಡು ಕೈಗೆ ಬಂದಾಗ ನಿಂತಲ್ಲೇ ಎಸೆತ. ಆಮೇಲೆ ನಾಲ್ಕು ಹೆಜ್ಜೆ. ಆಮೇಲೆ ಅರ್ಧ ರನ್-ಅಪ್, ಅರ್ಧ ವೇಗ. ಇವತ್ತು ಎಷ್ಟು ಎಸೆತ, ವಾರಕ್ಕೆ ಎಷ್ಟು ಅನ್ನುವುದೆಲ್ಲ ಕಿರಾಣಿ ಅಂಗಡಿ ಲೆಕ್ಕದ ಹಾಗೆ ಬರೆದಿಡುತ್ತಾರೆ. ಯಾಕೆಂದರೆ ವಿಶ್ರಾಂತಿಗೂ ಒಂದು ಬೆಲೆ ಇದೆ. ಕೆಲಸವಿಲ್ಲದ ಮೂಳೆ ಬಲ ಕಳೆದುಕೊಳ್ಳುತ್ತದೆ. ಸುಮ್ನೆ ಕೂತಿದ್ದವನು ಒಮ್ಮೆಗೇ 20 ಓವರ್ ಹಾಕಿದರೆ ಮತ್ತೆ ಮುರಿಯುತ್ತದೆ, ಹಾಕದೇ ಇದ್ದರೆ ಗಟ್ಟಿಯಾಗುವುದೇ ಇಲ್ಲ. ಅದಕ್ಕೇ ಅಳೆದು ಅಳೆದು ಕೊಡಬೇಕು. ಐಪಿಎಲ್‌ನಿಂದ ನೇರವಾಗಿ ಟೆಸ್ಟ್‌ಗೆ ಬರುವ ಬೌಲರ್ ಬಗ್ಗೆ ಫಿಸಿಯೋಗಳು ತಲೆ ಕೆಡಿಸಿಕೊಳ್ಳುವುದೂ ಇದೇ ಕಾರಣಕ್ಕೆ. ಅಲ್ಲಿ ಒಂದು ಮ್ಯಾಚ್‌ಗೆ 24 ಎಸೆತ, ಇಲ್ಲಿ ಒಂದೇ ದಿನಕ್ಕೆ ನೂರು ದಾಟಬಹುದು.

ಬುಮ್ರಾ 2023ರ ಆಗಸ್ಟ್ 18ರಂದು ಡಬ್ಲಿನ್‌ನಲ್ಲಿ ಐರ್ಲೆಂಡ್ ವಿರುದ್ಧ ನಾಯಕನಾಗಿ ಮರಳಿದರು. ಮೊದಲ ಓವರ್‌ನಲ್ಲೇ ಎರಡು ವಿಕೆಟ್. ಮುಂದಿನ ವರ್ಷ ಟಿ20 ವಿಶ್ವಕಪ್‌ನಲ್ಲಿ ಟೂರ್ನಿಯ ಶ್ರೇಷ್ಠ ಆಟಗಾರ. 2024ರಲ್ಲಿ ಟೆಸ್ಟ್‌ಗಳಲ್ಲೇ 71 ವಿಕೆಟ್. ಅದೇ ಡಬ್ಲಿನ್ ಮ್ಯಾಚ್‌ನಲ್ಲಿ ಇನ್ನೊಬ್ಬರೂ ಬೆನ್ನಿನ ಸ್ಟ್ರೆಸ್ ಫ್ರ್ಯಾಕ್ಚರ್‌ಗೆ ಆಪರೇಷನ್ ಮಾಡಿಸಿಕೊಂಡು ಬಂದಿದ್ದರು, ನಮ್ಮ ಬೆಂಗಳೂರಿನ ಪ್ರಸಿದ್ಧ್ ಕೃಷ್ಣ. ಅವರಿಗೂ ಎರಡು ವಿಕೆಟ್ ಬಿತ್ತು. ಆದರೆ ಸುದ್ದಿಯೆಲ್ಲ ಬುಮ್ರಾದ್ದೇ ಆಗಿತ್ತು.

ಇನ್ನು ಮಂಡಿ. ಕೆಲವು ವರ್ಷದ ಹಿಂದೆ ಭಾನುವಾರದ ಟೆನಿಸ್ ಬಾಲ್ ಮ್ಯಾಚ್‌ನಲ್ಲಿ ನನ್ನ ಮಂಡಿಯೂ ತಿರುಚಿತ್ತು. ದೊಡ್ಡದೇನೂ ಅಲ್ಲ, ಲಿಗಮೆಂಟ್ ಸ್ವಲ್ಪ ಎಳೆದಿತ್ತು. ಊತ ಮಾತ್ರ ಚೆನ್ನಾಗಿಯೇ ಇತ್ತು. ಫಿಸಿಯೋ ನನ್ನನ್ನು ಮಲಗಿಸಿ, ಮಂಡಿ ಕೆಳಗೆ ಒಂದು ಟವಲ್ ಸುರುಳಿ ಇಟ್ಟು, "ಕೆಳಗೆ ಒತ್ತಿ" ಅಂದರು. ಒತ್ತಿದೆ. ಅಂದರೆ, ಒತ್ತಲು ಹೊರಟೆ. ತೊಡೆ ಅಲುಗಲೇ ಇಲ್ಲ. ನೋವೂ ಇಲ್ಲ, ಏನೂ ಇಲ್ಲ, ಮಾತು ಕೇಳುತ್ತಿಲ್ಲ ಅಷ್ಟೇ. ಎದುರಿಗೆ ನನ್ನದೇ ತೊಡೆ ಬೇರೆ ಯಾರದೋ ತೊಡೆ ಹಾಗೆ ಬಿದ್ದಿತ್ತು. ಮಂಡಿಯೊಳಗೆ ನೀರು ತುಂಬಿದರೆ ನರಮಂಡಲವೇ ತೊಡೆಯ ಮುಂಭಾಗದ ಖಂಡವನ್ನು ಆಫ್ ಮಾಡಿಬಿಡುತ್ತದಂತೆ, ಕೀಲನ್ನು ಕಾಪಾಡಲು. ಆ ಟವಲ್ ಒತ್ತುವುದನ್ನು ದಿನಕ್ಕೆ ನೂರು ಸಲ, ಎಂಟು ದಿನ ಮಾಡಿದ ಮೇಲೆ ತೊಡೆ ಎದ್ದಿತು. ಅಷ್ಟರಲ್ಲಿ ಅದು ಇನ್ನೊಂದು ತೊಡೆಗಿಂತ ಎದ್ದು ಕಾಣುವಷ್ಟು ಸಣ್ಣಗಾಗಿತ್ತು.

ಜಗತ್ತಿನ ದೊಡ್ಡ ಆಟಗಾರರ ರಿಹ್ಯಾಬ್, ಅಂದರೆ ಗಾಯದ ನಂತರದ ಚೇತರಿಕೆಯ ಕಸರತ್ತು, ಶುರುವಾಗುವುದೂ ಇಂಥ ಟವಲ್ಲಿನಿಂದಲೇ. ಇದನ್ನು ಯಾವ ಸಿನಿಮಾವೂ ತೋರಿಸುವುದಿಲ್ಲ. ಮಳೆಯಲ್ಲಿ ಮೆಟ್ಟಿಲು ಹತ್ತಿ ಓಡುವುದನ್ನು ತೋರಿಸುತ್ತಾರೆ.

ಬ್ರೆಜಿಲ್‌ನ ಫುಟ್‌ಬಾಲ್ ಆಟಗಾರ ರೊನಾಲ್ಡೊ ಗೊತ್ತಲ್ಲ, ಹಳೆಯ ರೊನಾಲ್ಡೊ. ಮಂಡಿಚಿಪ್ಪು ಬಾವಿಯ ರಾಟೆ ಇದ್ದ ಹಾಗೆ. ತೊಡೆಯ ಖಂಡ ಹಗ್ಗ ಎಳೆಯುತ್ತದೆ, ಹಗ್ಗ ರಾಟೆ ಮೇಲೆ ಹಾದು ಕೆಳಗಿನ ಕಾಲಿನ ಮೂಳೆಯನ್ನು ಎತ್ತುತ್ತದೆ. ಚಿಪ್ಪಿನ ಕೆಳಗಿನ ಆ ಹಗ್ಗದ ತುಂಡು 1999ರ ನವೆಂಬರ್‌ನಲ್ಲಿ ಇಂಟರ್ ಮಿಲಾನ್‌ಗೆ ಆಡುವಾಗ ಅರ್ಧ ಹರಿಯಿತು. ಆಪರೇಷನ್ ಆಯಿತು. ಐದು ತಿಂಗಳೂ ಕಳೆದಿರಲಿಲ್ಲ, 2000ದ ಏಪ್ರಿಲ್ 12ರಂದು ರೋಮ್‌ನಲ್ಲಿ ಲಾಜಿಯೊ ವಿರುದ್ಧದ ಕಪ್ ಫೈನಲ್‌ಗೆ ಬದಲಿ ಆಟಗಾರನಾಗಿ ಇಳಿದರು. ಆರೇಳು ನಿಮಿಷ. ಚೆಂಡಿನ ಮೇಲೆ ಕಾಲಾಡಿಸುತ್ತಾ ಗೋಲಿನ ಕಡೆ ಹೊರಟರು. ಯಾರೂ ಮುಟ್ಟಲಿಲ್ಲ. ಮಂಡಿ ಹಿಡಿದು ಬಿದ್ದರು. ಈ ಸಲ ಹಗ್ಗ ಪೂರ್ತಿ ತುಂಡಾಗಿತ್ತು. ಹಗ್ಗ ತುಂಡಾದರೆ ರಾಟೆ ತನ್ನ ಜಾಗದಲ್ಲಿ ನಿಲ್ಲುವುದಿಲ್ಲ, ತೊಡೆಯ ಖಂಡ ಅದನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಆ ವಿಡಿಯೋ ನಾನು ಒಂದೇ ಸಲ ನೋಡಿದ್ದೇನೆ, ಎರಡನೇ ಸಲ ನೋಡಲಾರೆ.

2000-01ರ ಇಡೀ ಸೀಸನ್ ಹೋಯಿತು. ಈ ಸಲ ಯಾರೂ ಅವಸರ ಮಾಡಲಿಲ್ಲ, ಮಾಡುವ ಹಾಗೂ ಇರಲಿಲ್ಲ. 2002ರ ವಿಶ್ವಕಪ್‌ಗೆ ಕರೆದಾಗ ಬ್ರೆಜಿಲ್‌ನಲ್ಲೇ ಅನುಮಾನ ಇತ್ತು. ರೊನಾಲ್ಡೊ 8 ಗೋಲು ಹೊಡೆದರು. ಯೊಕೊಹಾಮಾದ ಫೈನಲ್‌ನಲ್ಲಿ ಜರ್ಮನಿ ವಿರುದ್ಧ ಬಿದ್ದ ಎರಡೂ ಗೋಲು ಅವರದ್ದೇ. ಆದರೆ ಆ ಗೋಲುಗಳನ್ನು ಗಮನವಿಟ್ಟು ನೋಡಿ. ಒಂದು, ಗೋಲ್‌ಕೀಪರ್ ಒಲಿವರ್ ಕಾನ್ ಕೈಜಾರಿದ ಚೆಂಡನ್ನು ಒಳಕ್ಕೆ ತಳ್ಳಿದ್ದು. ಇನ್ನೊಂದು, ರಿವಾಲ್ಡೊ ಬಿಟ್ಟುಕೊಟ್ಟ ಚೆಂಡನ್ನು ಪೆನಾಲ್ಟಿ ಬಾಕ್ಸ್ ಅಂಚಿನಿಂದ ಮೂಲೆಗೆ ಕಳಿಸಿದ್ದು. ಅರ್ಧ ಮೈದಾನದಿಂದ ಐದು ಜನರನ್ನು ಸೀಳಿಕೊಂಡು ಹೋಗುತ್ತಿದ್ದ ಹುಡುಗ ಅಲ್ಲ ಇದು. ಎಲ್ಲಿ ನಿಂತರೆ ಚೆಂಡು ಬರುತ್ತದೆ ಅಂತ ಗೊತ್ತಿದ್ದವನು. ಲಿಲ್ಲಿಯ ಲೆಗ್ ಕಟರ್ ಹಾಗೆಯೇ ಇದೂ.

ಲಿಗಮೆಂಟ್ ವಿಷಯದಲ್ಲಿ ಮೋಸ ಇನ್ನೂ ದೊಡ್ಡದು. ಮಂಡಿಯೊಳಗಿನ ಮುಖ್ಯ ಲಿಗಮೆಂಟ್, ಎಸಿಎಲ್ ಅನ್ನುತ್ತಾರಲ್ಲ, ಅದು ಪೂರ್ತಿ ಹರಿದರೆ ಹೊಲಿಯುವುದು ಕಮ್ಮಿ. ಸಾಮಾನ್ಯವಾಗಿ ಆಟಗಾರನ ತೊಡೆಯ ಹಿಂಭಾಗದಿಂದಲೋ ಚಿಪ್ಪಿನ ಕೆಳಗಿನಿಂದಲೋ ಟೆಂಡನ್ ಎಳೆ ತೆಗೆದು, ಮೂಳೆಗೆ ತೂತು ಕೊರೆದು ಅಲ್ಲಿ ಕೂರಿಸುತ್ತಾರೆ. ಇದು ಥೇಟ್ ಭತ್ತದ ನಾಟಿ. ಒಟ್ಲಿನಿಂದ ಕಿತ್ತು ನೆಟ್ಟ ಪೈರು ಮೊದಲು ಬಾಡುತ್ತದೆ, ಬೇರು ಹಿಡಿದ ಮೇಲೆ ತಲೆ ಎತ್ತುತ್ತದೆ. ಕೂರಿಸಿದ ಎಳೆಗೂ ಮೊದಲು ರಕ್ತ ಇರುವುದಿಲ್ಲ. ಅದರೊಳಗಿನ ಜೀವಕೋಶಗಳು ಸಾಯುತ್ತವೆ, ಎಳೆ ಬಲ ಕಳೆದುಕೊಳ್ಳುತ್ತದೆ, ಆಮೇಲೆ ಹೊಸ ರಕ್ತನಾಳ ಹೊಕ್ಕು ನಿಧಾನಕ್ಕೆ ಜೀವ ಹಿಡಿಯುತ್ತದೆ. ಎಳೆ ತೀರಾ ಮೆತ್ತಗಿರುವ ಹೊತ್ತಿಗೆ ಊತ ಇಳಿದಿರುತ್ತದೆ, ಊರುಗೋಲು ಬಿಟ್ಟಾಗಿರುತ್ತದೆ, ಮನುಷ್ಯ ಖುಷಿಯಾಗಿ ಓಡಾಡುತ್ತಿರುತ್ತಾನೆ. ಅದಕ್ಕೇ ಈಗ 9 ತಿಂಗಳಿಗೆ ಮುಂಚೆ ಆಟಕ್ಕೆ ಬಿಡಲು ಡಾಕ್ಟರುಗಳು ಹಿಂದೇಟು ಹಾಕುತ್ತಾರೆ. ತಿಂಗಳು ಮುಗಿದರೆ ಸಾಲದು. ಗಾಯದ ಕಾಲಲ್ಲಿ ಕುಂಟೋಬಿಲ್ಲೆ ಹಾಗೆ ಹಾರಿಸಿ ದೂರ ಅಳೆಯುತ್ತಾರೆ, ಒಳ್ಳೇ ಕಾಲಿನ ಶೇಕಡಾ 90ರಷ್ಟಾದರೂ ಬರಬೇಕು.

ರಿಷಭ್ ಪಂತ್‌ಗೆ ಹರಿದದ್ದು ಒಂದಲ್ಲ. 2022ರ ಡಿಸೆಂಬರ್ 30ರ ನಸುಕಿನಲ್ಲಿ ರೂರ್ಕಿ ಹತ್ತಿರ ಕಾರು ಡಿವೈಡರ್‌ಗೆ ಗುದ್ದಿ ಸುಟ್ಟು ಹೋಯಿತು. ಬಲಮಂಡಿ ಕೀಲು ತಪ್ಪಿ ಹಲವು ಲಿಗಮೆಂಟ್ ಒಟ್ಟಿಗೆ ಹೋಗಿದ್ದವು. ಅವರು ಬರೀ ಬ್ಯಾಟ್ಸ್‌ಮನ್ ಆಗಿದ್ದರೆ ಒಂದು ಮಾತು. ಕೀಪರ್ ಬೇರೆ. ಟೆಸ್ಟ್‌ನ ಒಂದು ದಿನ ಅಂದರೆ 90 ಓವರ್, 540 ಎಸೆತ. ಪ್ರತಿ ಎಸೆತಕ್ಕೂ ಕುಕ್ಕರುಗಾಲಲ್ಲಿ ಕೂತು ಏಳಬೇಕು. ನೀವು ಈಗಲೇ ಎದ್ದು ಇಪ್ಪತ್ತು ಬಸ್ಕಿ ಹೊಡೆದು ನೋಡಿ, ಲೆಕ್ಕ ಅರ್ಥವಾಗುತ್ತದೆ. ಪಂತ್ 2024ರ ಮಾರ್ಚ್ 23ಕ್ಕೆ ಐಪಿಎಲ್‌ಗೆ ಮರಳಿದರು, ಸುಮಾರು 15 ತಿಂಗಳ ಮೇಲೆ. ಜೂನ್‌ನಲ್ಲಿ ವಿಶ್ವಕಪ್ ಗೆದ್ದ ತಂಡದ ಕೀಪರ್. ಟೆಸ್ಟ್‌ಗೆ ಬಂದದ್ದು ಸೆಪ್ಟೆಂಬರ್‌ನಲ್ಲಿ, ಚೆನ್ನೈನಲ್ಲಿ ಬಾಂಗ್ಲಾ ವಿರುದ್ಧ 109. ಮೊದಲು 120 ಎಸೆತ ಕೂತೇಳುವ ಟಿ20, ಆಮೇಲೆ 540ರ ಟೆಸ್ಟ್. ಮೆಟ್ಟಿಲು ಕಾಣಿಸುತ್ತದೆ ಅಲ್ವಾ?

ಕಾರ್ಟಿಲೇಜ್ ಬಗ್ಗೆ ಹೇಳುವುದು ಹೆಚ್ಚಿಲ್ಲ. ಡಚ್ ಫುಟ್‌ಬಾಲ್ ಆಟಗಾರ ಮಾರ್ಕೊ ವಾನ್ ಬಾಸ್ಟನ್ ಪಾದದ ಕೀಲು ಸವೆದು 28ಕ್ಕೆ ಕೊನೆಯ ಮ್ಯಾಚ್ ಆಡಿದರು. ಆಪರೇಷನ್ ಮೇಲೆ ಆಪರೇಷನ್ ಮಾಡಿಸಿ ಎರಡು ವರ್ಷ ಕಾದು 1995ರಲ್ಲಿ ಬಿಟ್ಟರು. ಅವರಿಗೆ ಹಠ ಕಮ್ಮಿ ಇತ್ತು ಅಂತ ಯಾರಾದರೂ ಹೇಳುತ್ತಾರಾ? ಮರಳಿ ಬಂದವರ ಕಥೆ ಮಾತ್ರ ಓದಿದರೆ ಹೀಗೊಂದು ತಪ್ಪು ಲೆಕ್ಕ ತಲೆಯಲ್ಲಿ ಕೂರುತ್ತದೆ.

ಮೈಯೆಲ್ಲ ವಾಸಿಯಾಗಿಯೂ ಬಾರದಿರುವುದು ಉಂಟು. ಮೋನಿಕಾ ಸೆಲೆಸ್ 19ರ ಹುಡುಗಿ, ಟೆನಿಸ್‌ನಲ್ಲಿ ವಿಶ್ವದ ನಂಬರ್ 1. ಆಗಲೇ 8 ಗ್ರ್ಯಾಂಡ್ ಸ್ಲಾಮ್. 1993ರ ಏಪ್ರಿಲ್ 30, ಹ್ಯಾಂಬರ್ಗ್. ಆಟದ ನಡುವಿನ ವಿರಾಮಕ್ಕೆ ಕುರ್ಚಿಯಲ್ಲಿ ಕೂತಿದ್ದಾಗ ಪ್ರೇಕ್ಷಕರ ಕಡೆಯಿಂದ ಬಂದವನೊಬ್ಬ ಬೆನ್ನಿಗೆ ಚೂರಿ ಹಾಕಿದ. ಗಾಯ ಆಳವಾಗಿರಲಿಲ್ಲ, ವಾಸಿಯಾಗಲು ಕೆಲವು ವಾರ ಸಾಕಾಯಿತು. ಮರಳಿ ಆಡಲು ಎರಡು ವರ್ಷದ ಮೇಲೆ ಹಿಡಿಯಿತು. ಚುಚ್ಚಿದವನನ್ನು ಕೋರ್ಟು ಜೈಲಿಗೂ ಕಳಿಸಲಿಲ್ಲ. ಸೆಲೆಸ್ ಮತ್ತೆಂದೂ ಜರ್ಮನಿಯಲ್ಲಿ ಆಡಲಿಲ್ಲ. 1995ರ ಆಗಸ್ಟ್‌ನಲ್ಲಿ ಕೆನಡಾದಲ್ಲಿ ಮರಳಿ ಬಂದ ಮೊದಲ ಟೂರ್ನಿಯನ್ನೇ ಗೆದ್ದರು, 1996ರ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದರು. ಆಮೇಲೆ ಇನ್ನೊಂದು ಗ್ರ್ಯಾಂಡ್ ಸ್ಲಾಮ್ ಬರಲಿಲ್ಲ. ಈ ಗಾಯಕ್ಕೆ ಎಂಆರ್‌ಐ ಇಲ್ಲ, ಹಾರಿ ತೋರಿಸುವ ಪರೀಕ್ಷೆಯೂ ಇಲ್ಲ. ಮಂಡಿ ಆಪರೇಷನ್ ಆದವರಲ್ಲೂ ಇದರ ಸಣ್ಣ ರೂಪ ಕಾಣುತ್ತದೆ. ಎಲ್ಲ ಪರೀಕ್ಷೆ ಪಾಸಾದ ಮೇಲೂ ನೆಗೆದು ಇಳಿಯುವಾಗ ತಮಗೇ ಗೊತ್ತಿಲ್ಲದೆ ಭಾರವನ್ನು ಒಳ್ಳೇ ಕಾಲಿಗೆ ದಾಟಿಸುತ್ತಾರೆ. ಆಗ ಒಳ್ಳೇ ಕಾಲೂ ಕೆಡುವ ಅಪಾಯ.

2025ರ ಇಂಗ್ಲೆಂಡ್ ಪ್ರವಾಸಕ್ಕೆ ಮುಂಚೆಯೇ ಬುಮ್ರಾ ಐದರಲ್ಲಿ ಮೂರೇ ಟೆಸ್ಟ್ ಆಡುವುದು ಅಂತ ಗೊತ್ತಾಗಿತ್ತು. ಆ ವರ್ಷದ ಶುರುವಿನಲ್ಲಿ ಸಿಡ್ನಿಯಲ್ಲಿ ಬೆನ್ನು ಮತ್ತೆ ಹಿಡಿದುಕೊಂಡಿತ್ತು. ಆಸ್ಟ್ರೇಲಿಯಾದ ಆ ಸರಣಿಯಲ್ಲಿ 32 ವಿಕೆಟ್ ತೆಗೆದ ಮೇಲೆ. ನಮ್ಮ ಮನೆ ಗ್ರೂಪ್‌ನಲ್ಲೂ ಜಗಳ. "ಆಡೋಕಾಗಲ್ಲ ಅಂದ್ರೆ ಮನೇಲಿರಲಿ" ಅಂತ ಮಾವ, "ಕುಂಬ್ಳೆ ದವಡೆ ಕಟ್ಕೊಂಡು ಬಂದಿರ್ಲಿಲ್ವಾ" ಅಂತ ಅವರ ತಮ್ಮ. ಓವಲ್‌ನ ಕೊನೆಯ ಟೆಸ್ಟ್‌ನಲ್ಲಿ ಬುಮ್ರಾ ಇರಲಿಲ್ಲ. ಪ್ರಸಿದ್ಧ್ ಕೃಷ್ಣ ಇದ್ದರು. ಬೆನ್ನಿನ ಆಪರೇಷನ್ ಆದ ಮುಂದಿನ ವರ್ಷವೇ, ರಣಜಿ ಪಂದ್ಯವೊಂದರಲ್ಲಿ ತೊಡೆಯ ಟೆಂಡನ್ ಹೋಗಿ ಇನ್ನೊಂದು ಐಪಿಎಲ್ ಕಳೆದುಕೊಂಡಿದ್ದವರು. 2025ರ ಐಪಿಎಲ್‌ನಲ್ಲಿ 25 ವಿಕೆಟ್‌ನೊಂದಿಗೆ, ಅತಿ ಹೆಚ್ಚು ವಿಕೆಟ್ ತೆಗೆದವರಿಗೆ ಸಿಗುವ ಪರ್ಪಲ್ ಕ್ಯಾಪ್ ತಗೊಂಡು ಬಂದಿದ್ದರು. ಓವಲ್‌ನ ಎರಡೂ ಇನಿಂಗ್ಸ್‌ನಲ್ಲಿ ನಾಲ್ಕು ನಾಲ್ಕು ವಿಕೆಟ್.

ಆಗಸ್ಟ್ 4ರ ಬೆಳಿಗ್ಗೆ ಇಂಗ್ಲೆಂಡ್‌ಗೆ ಬೇಕಾಗಿದ್ದದ್ದು 35 ರನ್. ಪ್ರಸಿದ್ಧ್ ಹಾಕಿದ ಯಾರ್ಕರ್‌ಗೆ ಜಾಶ್ ಟಂಗ್ ಬೌಲ್ಡ್ ಆದರು. ಕೊನೆಯವರಾಗಿ ಕ್ರಿಸ್ ವೋಕ್ಸ್ ಇಳಿದು ಬಂದರು, ಕೀಲು ತಪ್ಪಿದ ಎಡತೋಳನ್ನು ಸ್ವೆಟರ್ ಒಳಗೆ ಕಟ್ಟಿಕೊಂಡು, ಒಂದೇ ಕೈಯಲ್ಲಿ ಬ್ಯಾಟ್ ಹಿಡಿದು. ಒಂದು ಎಸೆತವನ್ನೂ ಎದುರಿಸಬೇಕಾಗಿ ಬರಲಿಲ್ಲ. ಸಿರಾಜ್ ಅಟ್ಕಿನ್ಸನ್ ಸ್ಟಂಪ್ ಎಗರಿಸಿದರು, ಭಾರತ 6 ರನ್ನಿಂದ ಗೆದ್ದಿತು. ಅವತ್ತು ಮಧ್ಯಾಹ್ನದೊಳಗೆ ಮನೆ ಗ್ರೂಪ್‌ಗೆ ಎರಡು ಫೋಟೋ ಬಂದಿದ್ದವು. ಒಂದರಲ್ಲಿ ಕೈ ಚಾಚಿ ಓಡುತ್ತಿರುವ ಸಿರಾಜ್, ಇನ್ನೊಂದರಲ್ಲಿ ತೋಳು ಕಟ್ಟಿಕೊಂಡ ವೋಕ್ಸ್. ಅದರ ಕೆಳಗೆ ಮಾವ ಬರೆದಿದ್ದರು: "ನೋಡ್ರಪ್ಪಾ, ಕುಂಬ್ಳೆ ಥರ."